ಅರ್ಧಕ್ಕೆ ಆರಿದ ಪೈಪು

ಸತ್ತವರ ಮುಂದಿಟ್ಟದ್ದನ್ನು ಮನೆಗೆ ತರಬಾರದು. ಗೊತ್ತಿದ್ದೂ ನಾನು ತಂದಿದ್ದೆ.

ಕೆಮ್ಮಿ ಕೆಮ್ಮಿಯೇ ಹೋದ ದೊಡ್ಡಪ್ಪನನ್ನು ಕಮಲಾಪುರದಲ್ಲಿ ಮಣ್ಣು ಮಾಡಿದ ಮೂರನೆಯ ದಿನ, ಅವರ ಹಳೆಯ ಪೈಪಿಗೆ ತಂಬಾಕು ತುಂಬಿ, ಹೊತ್ತಿಸಿ, ಎಡೆಯ ಜೊತೆ ಸಮಾಧಿಯ ಮೇಲಿಟ್ಟಿದ್ದೆವು. ಅದು ಅರ್ಧಕ್ಕೇ ಆರಿಹೋಯಿತು.

"ಅಣ್ಣ ಅರ್ಧಾ ಬಿಟ್ಟಾನ ನೋಡ್ರಿ. ಉಳಿದದ್ದು ಯಾರಿಗೋ ಏನೋ," ಅಂದಳು ಸೋದರತ್ತೆ.

ಎಲ್ಲರೂ ಹಿಂತಿರುಗಿ ನೋಡದೆ ನಡೆದರು. ಅಂಥ ಚೆಂದದ ಪೈಪು ಮಣ್ಣುಪಾಲಾಗುವುದೇ ಎಂದು ನಾನೊಬ್ಬ ಅದನ್ನು ಜೇಬಿಗಿಳಿಸಿದೆ.

ವರ್ಷದ ಮೇಲೆ, ಮೊನ್ನೆ, ಕಲಬುರಗಿಯ ಮನೆಯ ಪಡಸಾಲೆಯಲ್ಲಿ ಅದನ್ನು ಸ್ವಚ್ಛ ಮಾಡಲು ಕುಳಿತೆ. ಆ ಅರ್ಧ ತಂಬಾಕು ತಳದಲ್ಲಿ ಕಲ್ಲಾಗಿತ್ತು; ಚಾಕುವಿನಿಂದ ಕೆರೆದೆ. ಸೂಪರ್ ಮಾರ್ಕೆಟ್‌ನ ಔಷಧಿ ಅಂಗಡಿಯಿಂದ ತಂದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಕಸಬರಿಗೆ ಕಡ್ಡಿಗೆ ಸುತ್ತಿ ಕೊಳವೆಯೊಳಗೆ ಆಡಿಸಿದೆ. ಡಾಂಬರಿನಂಥ ಕಪ್ಪು ಬರುತ್ತಲೇ ಇತ್ತು. ಕೊನೆಗೆ ಹೊಸ ತಂಬಾಕು ತುಂಬಿದೆ. ಸೇದಲೋ, ಬೇಡವೋ? ಸತ್ತವರೇನು ಎದ್ದು ಬಂದು ಕೇಳುತ್ತಾರೆಯೇ ಎಂದು ನನ್ನ ಮೇಲೆ ನಾನೇ ರೇಗಿ, ಪೈಪನ್ನು ಬಾಯಿಗಿಟ್ಟುಕೊಂಡೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಯಾಕ್ರೀ, ದೊಡ್ಡ ಮಾವನೋರಂಗ ಕೆಮ್ಮಾಕತ್ತೀರಿ?"

ನಾನಿನ್ನೂ ಕಡ್ಡಿ ಗೀರಿರಲಿಲ್ಲ.