ಅವ್ವ ಆರಿಸಿದ ಯೀಸ್ಟು

ನಮ್ಮವ್ವ ಹಾಲಿಗೆ ಹೆಪ್ಪು ಹಾಕುವ ಮುಂಚೆ ಪಾತ್ರೆಯ ಹೊಟ್ಟೆಗೆ ಕೈಯ ಹಿಂಬದಿಯನ್ನು ಒಂದು ಗಳಿಗೆ ಒತ್ತಿ ಹಿಡಿಯುತ್ತಿದ್ದಳು. ಚಳಿಗಾಲವಾದರೆ ಪಾತ್ರೆಗೆ ಕಂಬಳಿಯ ತುಂಡು ಸುತ್ತಿ ಒಲೆಯ ಮಗ್ಗುಲಿಗಿಡುವಳು, ಬೇಸಿಗೆಯಾದರೆ ನೀರಿನ ಹರವಿಯ ಪಕ್ಕದ ಒದ್ದೆ ನೆಲದ ಮೇಲೆ. ಆ ವಿದ್ಯೆಗೆ ಮೊಸರಿನಾಚೆಗೂ ಬೆಲೆಯುಂಟೆಂದು ನನಗೆ ತೋರಿಸಿಕೊಟ್ಟದ್ದು, ನಗಬೇಡಿ ಸ್ನೇಹಿತರೇ, ಬಿಯರು.

ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಚಳಿಗಾಲ. ನನ್ನ ಹೆಂಡತಿ ಸುಮನಳ ಅಣ್ಣ ದತ್ತೂ ಸರಕು ಹಡಗಿನಲ್ಲಿ ಅಡುಗೆಯವನು. ರಜೆಗೆಂದು ಅಂಕಲಿಯ ನಮ್ಮ ಮನೆಗೆ ಬಂದವನು ಟ್ರಂಕಿನೊಳಗಿಂದ, ಮನೆಯಲ್ಲೇ ಲಾಗರ್ ಎಂಬ ಜಾತಿಯ ಬಿಯರು ಮಾಡುವ ಕಿಟ್ಟೊಂದನ್ನು ಹೊರತೆಗೆದ. ಕಾಕಂಬಿಯಂತೆ ದಪ್ಪನೆಯ ಬಾರ್ಲಿ ಪಾಕದ ಒಂದೇ ಒಂದು ಡಬ್ಬಿ. ಅದರ ಮುಚ್ಚಳದಡಿ ಒಂದು ಪೊಟ್ಟಣ ಯೀಸ್ಟು, ಅಂದರೆ ಬಿಯರಿನ ಹೆಪ್ಪು. ಅವನು ಬೇರೆಯಾಗಿ ಕೊಂಡು ತಂದಿದ್ದ ಮತ್ತೊಂದು ಪೊಟ್ಟಣ. ಕೆಟ್ಟರೆ ಮತ್ತೆ ಸಿಗುವ ಮಾಲಲ್ಲ.

ಈ ದತ್ತೂನೊಡನೆ ಅವ್ವ ಏಳು ವರ್ಷಗಳಿಂದ ಮಾತು ಬಿಟ್ಟಿದ್ದಳು. ಒಬ್ಬಳೇ ತಂಗಿಯ ಮದುವೆಗೆ ಅವನು ಬರಲಿಲ್ಲ, ಬಾರದ್ದಕ್ಕೆ ಒಂದು ಸಾಲು ಬರೆಯಲೂ ಇಲ್ಲ ಎಂಬುದು ಅವಳ ಸಿಟ್ಟು. ಅವನು ಬಂದಾಗಲೆಲ್ಲ ಬಿಸಿ ರೊಟ್ಟಿ, ಗಟ್ಟಿ ಮೊಸರು ಬಡಿಸುವುದಕ್ಕೇನೂ ಕಡಿಮೆ ಮಾಡುತ್ತಿರಲಿಲ್ಲ; ಮಾತು ಮಾತ್ರ ಸೊಸೆಯ ಮೂಲಕ. ಮೊಳದೂರದಲ್ಲಿ ಕೂತವನನ್ನು ಬಿಟ್ಟು, "ಸುಮನಾ, ನಿಮ್ಮಣ್ಣಗ ಇನ್ನೊಂದ ರೊಟ್ಟಿ ಬೇಕೇನ ಕೇಳು" ಎನ್ನುವಳು. ಅವನೂ, "ಸಾಕಂತ ಹೇಳ ಸುಮನಾ" ಎನ್ನುವನು.

ಪಡಸಾಲೆಯಲ್ಲಿ ಹೊಸ ಪ್ಲಾಸ್ಟಿಕ್ ಡ್ರಮ್ಮಿಗೆ ಪಾಕ, ಸಕ್ಕರೆ, ಕುದಿಸಿದ ನೀರು ಎಲ್ಲವನ್ನೂ ಸುರಿದು ಕಲಕಿದ ದತ್ತೂ, ಯೀಸ್ಟಿನ ಶಾಸ್ತ್ರವನ್ನು ನನಗೆ ವಿವರಿಸಿದ. ಮುಚ್ಚಳದಡಿಯದು ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಸುಖವಾಗಿ ಕೆಲಸ ಮಾಡುವಂಥದ್ದು. ಅವನು ತಂದದ್ದು ಮಾತ್ರ ಅಸಲಿ ಲಾಗರಿನ ಯೀಸ್ಟು. ಅದಕ್ಕೆ ಹತ್ತು ಹನ್ನೆರಡು ಡಿಗ್ರಿಯ ಥಂಡಿ ಹಗಲಿರುಳೂ ಬೇಕು. ನಮ್ಮಲ್ಲಿ ಫ್ರಿಜ್ಜಿಲ್ಲ. ಬಾವಿಗೆ ಥರ್ಮಾಮೀಟರು ಇಳಿಬಿಟ್ಟರೆ ಇಪ್ಪತ್ನಾಲ್ಕು ತೋರಿಸಿತ್ತು. ಆದರೂ ಅವನ ಕೈ ಆ ಥಂಡಿ ಪೊಟ್ಟಣಕ್ಕೇ ಹೋಯಿತು.

ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳುತ್ತಿದ್ದ ಅವ್ವ, "ಸುಮನಾ!" ಎಂದಳು. ಸುಮನ ನೀರಿಗೆ ಹೋಗಿದ್ದಳು. "ಸುಮನಾ!" ಎಂದು ಇನ್ನೊಮ್ಮೆ. ಅಷ್ಟರಲ್ಲಿ ದತ್ತೂ ಪೊಟ್ಟಣದ ತುದಿಗೆ ಹಲ್ಲು ಕೊಟ್ಟಾಗಿತ್ತು.

"ಲೇ ದತ್ತೂ, ತಡಿಯಲೇ!"

ಏಳು ವರ್ಷಗಳ ಮೌನ ಹೀಗೆ ಒಡೆಯಿತು. ಪೊಟ್ಟಣ ಕಚ್ಚಿಕೊಂಡೇ ಅವನು ಗರಬಡಿದವನಂತೆ ಕೂತ. ಎದ್ದು ಬಂದ ಅವ್ವ ಡ್ರಮ್ಮಿಗೆ ಕೈಯ ಹಿಂಬದಿ ಒತ್ತಿದಳು.

"ಇನ್ನೂ ಸುಡಾಕತ್ತೈತಿ. ಈಗ ಹಾಕಿದ್ರ ಯಾವ ಹೆಪ್ಪಾದ್ರೂ ಸಾಯತೈತಿ. ಆಮ್ಯಾಲ ಹಾಕೋದು ಇದಲ್ಲ, ಆ ಇನ್ನೊಂದು. ಥಂಡಿ ಬೇಡೋದನ್ನ ಬಿಸಲಾಗ ಕುಂದ್ರಿಸಿದ್ರ ಅದು ಸುಮ್ನ ಇರತೈತೇನು? ನಾತ ಹಿಡೀತೈತಿ."

"ಆದ್ರ ಅವ್ವಾರ, ಅದರಿಂದ ಖರೇ ಲಾಗರ್ ಆಗೂದಿಲ್ರಿ."

"ಆಗದಿದ್ರ ಬಿಡು. ಕೆಡೂದಿಲ್ಲಲ್ಲ?"

ಈ ಮಾತನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಅಸಲಿಯ ಹಟಕ್ಕೆ ಬಿದ್ದು, ಇರುವ ಹವೆಗೆ ಒಗ್ಗುವ ಒಳ್ಳೆಯದನ್ನು ನಾವು ಎಷ್ಟು ಕಡೆ ಕೆಡಿಸಿಕೊಳ್ಳುವುದಿಲ್ಲ!

ಸಂಜೆ ಡ್ರಮ್ಮು ತಣಿದ ಮೇಲೆ ಅವ್ವ ಹೇಳಿದ ಯೀಸ್ಟೇ ಬಿತ್ತು. ಡ್ರಮ್ಮನ್ನು ಗಾಳಿಯಾಡುವ ಬಡಗಣ ಕೋಣೆಗೊಯ್ದು, ಅವಳ ಅಪ್ಪಣೆಯಂತೆ ಒದ್ದೆ ಗೋಣಿತಾಟು ಸುತ್ತಿದೆವು. ಮರುದಿನವೇ, ಗಾಳಿ ಹೊರಬೀಳಲೆಂದು ಡ್ರಮ್ಮಿನ ಮುಚ್ಚಳಕ್ಕೆ ಸಿಕ್ಕಿಸಿದ್ದ ನೀರಿನ ನಳಿಕೆಯಲ್ಲಿ ಗುಳುಗುಳು ಶುರುವಾಯಿತು. ಹೊತ್ತುಹೊತ್ತಿಗೆ ಗೋಣಿಗೆ ನೀರು ಚಿಮುಕಿಸುವುದು ದತ್ತೂನ ಕೆಲಸ, ಕೈಯಿಟ್ಟು ನೋಡುವುದು ಅವ್ವನದು. ಅವಳು "ಬರೋಬ್ಬರಿ ಐತಿ" ಎಂದಾಗಲೆಲ್ಲ ಥರ್ಮಾಮೀಟರು ಹದಿನೆಂಟು, ಹತ್ತೊಂಬತ್ತು ತೋರಿಸುತ್ತಿತ್ತು.

ಹಾಗೆ ನೀರು ಚಿಮುಕಿಸುತ್ತಲೇ ಒಂದು ಮಧ್ಯಾಹ್ನ ದತ್ತೂ ತಲೆಯೆತ್ತದೆ ಹೇಳಿದ: "ಸುಮನಾನ ಮದವ್ಯಾಗ ಹಡಗ ನಡುನೀರಾಗಿತ್ರಿ ಅವ್ವಾರ. ತಾರು ನನಗ ಮುಟ್ಟೂದ್ರಾಗ ಅಕ್ಕಿಕಾಳು ಬಿದ್ದ ನಾಕ ದಿನ ಆಗಿತ್ತು."

"ಅಷ್ಟನ್ನ ಒಂದ ಕಾಗದಾ ಬರದು ಹೇಳಾಕ ಏನಾಗಿತ್ತಲೇ ನಿನಗ?"

"ಅಂಜಿಕಿ ಆತ್ರಿ. ದಿನಾ ಕಳದಂಗ ಅಂಜಿಕಿ ಹೆಚ್ಚ ಆತು."

ಅವ್ವ ಅವನ ಕೈಯಿಂದ ತಂಬಿಗೆ ಇಸಿದುಕೊಂಡು ಉಳಿದ ಗೋಣಿಯನ್ನು ತಾನೇ ತೋಯಿಸಿದಳು.

ಸೀಸೆಗೆ ತುಂಬಿಟ್ಟು ಮೂರು ವಾರವಾದ ಮೇಲೆ, ದತ್ತೂ ಹೊರಡುವ ಹಿಂದಿನ ದಿನ ಮೊದಲನೆಯದನ್ನು ಬಿಚ್ಚಿದೆವು. ಬಂಗಾರದ ಬಣ್ಣ, ಮೇಲೆ ಬೆರಳುದ್ದ ಬಿಳಿನೊರೆ. ದತ್ತೂ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ; ಅಸಲಿ ನಕಲಿಯ ಮಾತೇ ಎತ್ತಲಿಲ್ಲ. ಅವ್ವ ಒಂದು ತೊಟ್ಟನ್ನು ನಾಲಿಗೆಗೆ ಹಚ್ಚಿಕೊಂಡು ಮುಖ ಕಿವಿಚಿದಳು. "ಬೇವಿನ ಎಲಿ ಅರದಂಗ ಐತಿ. ಆದ್ರ ಕೆಟ್ಟಿಲ್ಲ."

ಆಮೇಲೆ ನನ್ನತ್ತ ತಿರುಗಿ, "ದತ್ತೂ, ಇವನ ಕಿವಿ ಹಿಂಡು" ಎಂದಳು. ತಂಗಿಯನ್ನು ಚೆನ್ನಾಗಿ ನೋಡಿಕೋ ಎಂದು ಹೆಣ್ಣಿನ ಅಣ್ಣ ಮದುಮಗನ ಕಿವಿ ಹಿಂಡುವ ಶಾಸ್ತ್ರ ನಮ್ಮ ಮದುವೆಯಲ್ಲಿ ನಡೆಯದೆಯೇ ಉಳಿದಿತ್ತು. ದತ್ತೂ ನಾಚುತ್ತ ಬಂದು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದ. ಸುಮನ ಸೆರಗು ಬಾಯಿಗಿಟ್ಟು ನಗತೊಡಗಿದಳು.

"ಜೋರ ಹಿಂಡಲೇ," ಎಂದಳು ಅವ್ವ, "ಏಳ ವರ್ಷದ್ದ ಬಾಕಿ ಐತಿ."