ಕಂಬಳಿಗಂಟಿದ ಮುಖ

ಮೊನ್ನೆ ಸೊಸೆ ರೊಟ್ಟಿಗೆ ನೆಂಚಿಕೊಳ್ಳಲು ಅಗಸಿ ಹಿಂಡಿ ಕುಟ್ಟುತ್ತಿದ್ದಳು. ಒರಳಿನಿಂದ ಆ ಎಣ್ಣೆವಾಸನೆ ಎದ್ದದ್ದೇ ತಡ, ತಟ್ಟೆಯ ಮುಂದೆ ಕೂತವಳು ಎದ್ದು ಪಡಸಾಲೆಗೆ ಬಂದುಬಿಟ್ಟೆ. ಅವಳಿಗೆ ಸಿಟ್ಟು ಬಂತು. ಏನು ಹೇಳಲಿ... ಅಗಸಿ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ಆಪಾ ನೆನಪಾಗುತ್ತಾಳೆ.

ಆಗ ನಿಜಾಮರ ಆಳ್ವಿಕೆ, ಅದರ ಕೊನೆಯ ದಿನಗಳು. ಜಹೀರಾಬಾದಿನಲ್ಲಿ ನಮ್ಮದು ಕುರಿ ಸಾಕುವ ಮನೆ. ನಾನು ಹೊಸದಾಗಿ ಬಂದ ಸೊಸೆ. ಗೋಡೆಯಾಚೆಯ ಒಂಟಿ ಕೋಣೆಯಲ್ಲಿ ಆಪಾ ಇದ್ದಳು. ಓಣಿಗೆಲ್ಲ ಅಕ್ಕ, ಹಾಗಾಗಿ ಆಪಾ. ಹೆಸರು ಹಿಡಿದು ಕರೆದವರಿಲ್ಲ. ಅವಳ ಅಪ್ಪ ಹೈದರಾಬಾದಿನ ಮುಸಲ್ಮಾನ, ನವಾಬರ ಚಿತ್ರ ಬರೆಯುತ್ತಿದ್ದವನು. ತಾಯಿ ತಾಂಡೂರಿನ ಕಲ್ಲುಗಣಿಯಲ್ಲಿ ಚಪ್ಪಡಿ ಹೊರುತ್ತಿದ್ದ ತೆಲುಗಿನವಳು. ಅಪ್ಪನ ಕಡೆಯವರಿಗೆ ಅವಳು ಗಣಿಯವಳ ಮಗಳು, ತಾಯಿಯ ಕಡೆಯವರಿಗೆ ಸಾಬರ ಕೂಸು. ತಂದೆತಾಯಿ ತೀರಿದ ಮೇಲೆ ಎರಡೂ ಕಡೆ ಬಾಗಿಲು ಮುಚ್ಚಿದವು. ನಮ್ಮ ಜೊತೆ ಕನ್ನಡ, ಅಂಗಡಿಯಲ್ಲಿ ತೆಲುಗು, ನಮಾಜಿನ ಹೊತ್ತಿಗೆ ಉರ್ದು. ಟಾಂಗಾಗಳಿಗೆ, ಗುಡಿ ಬಾಗಿಲಿಗೆ ಬಣ್ಣ ಬಳಿದು ಹೊಟ್ಟೆ ಹೊರೆಯುತ್ತಿದ್ದಳು. ನಮ್ಮತ್ತೆ ಮೂಗು ಮುರಿಯುತ್ತಲೇ ಅವಳಿಗೆ ರೊಟ್ಟಿ ಕಳಿಸುತ್ತಿದ್ದರು.

ತನಗಾಗಿ ಅಂತ ಅವಳು ಬರೆದದ್ದು ಒಂದೇ ಚಿತ್ರ. ಮೊರದಗಲದ ಹಲಗೆಯ ಮೇಲೆ ಅವಳ ತಾಯಿ. ಗಣಿಯಲ್ಲಿ ಕಾಲು ಜಜ್ಜಿಹೋದ ಮೇಲೂ ಕುಂಟುತ್ತ ಕೆಲಸಕ್ಕೆ ಹೋಗಿ ಮಗಳನ್ನು ಸಾಕಿದವಳು. ತಲೆಯ ಮೇಲೆ ಚಪ್ಪಡಿ, ಕಾಲು ಸೊಟ್ಟ, ಬೆನ್ನು ಮಾತ್ರ ನೆಟ್ಟಗೆ. ಕಾವಿ, ಕಾಡಿಗೆ, ಸುಣ್ಣದಂಥ ಬಿಳಿ, ಎಲ್ಲವನ್ನೂ ತಾಂಡೂರು ಕಲ್ಲಿನ ಮೇಲೆ ನಮ್ಮೂರ ಗಾಣದ ಅಗಸಿ ಎಣ್ಣೆ ಹಾಕಿ ಅರೆಯುತ್ತಿದ್ದಳು. ಆ ಎಣ್ಣೆ ಬೇಗ ಒಣಗುವುದಲ್ಲ. ಒಂದು ಸಲ ಹಚ್ಚಿ ದಿನಗಟ್ಟಲೆ ಕಾಯುವುದು. ಮುಖಕ್ಕೇ ಒಂದು ಬೇಸಿಗೆ ಹಿಡಿಯಿತು. ಆ ತಾಯಿಯದೊಂದು ಫೋಟೋ ಇರಲಿಲ್ಲ, ನೆನಪಿನಿಂದಲೇ ತೆಗೆಯಬೇಕು.

ಮುಖ ಮುಗಿದ ವಾರದಲ್ಲೇ ಹೈದರಾಬಾದಿನಿಂದ ಕರೆ ಬಂತು. ಎಂದೂ ಮಾತಾಡಿಸದ ಸೋದರತ್ತೆ ಹಾಸಿಗೆ ಹಿಡಿದಿದ್ದಳು, ಇವಳನ್ನು ನೋಡಬೇಕಂತೆ. ಆಪಾ ಬಣ್ಣ ಆರದ ಹಲಗೆಯನ್ನು ತಂದು ನಮ್ಮ ಪಡಸಾಲೆಯ ಗೋಡೆಗೆ ಆನಿಸಿದಳು.

"ಮ್ಯಾಲೆ ಏನೂ ಹೊಚ್ಚಬ್ಯಾಡ ತಂಗಿ. ಗಾಳಿ ಆಡ್ಲಿ. ಬಂದು ಒಯ್ತೀನಿ."

ಅವಳು ಹೋದ ನಾಲ್ಕೇ ದಿನಕ್ಕೆ ಬಂದೂಕಿನವರು ಮನೆಮನೆ ನುಗ್ಗುತ್ತಿದ್ದಾರೆಂದು ಸುದ್ದಿ ಹಬ್ಬಿತು. ಜೋಳ ತುಂಬುವ ನೆಲದಡಿಯ ಹಗೇವಿನೊಳಗೆ ನಾವು ತಾಮ್ರದ ಕೊಡ, ಬೆಳ್ಳಿಯ ಕಡಗ ಇಳಿಸಿದೆವು. ಚಿತ್ರ ಬಿಡಲು ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೂ ಕಂಬಳಿ, ದೇವರ ಗದ್ದುಗೆಗೂ ಕಂಬಳಿ. ಮದುವೆಗೆ ನೇಯಿಸಿದ ನನ್ನ ಹೊಸ ಕಂಬಳಿಯನ್ನೇ ಹಲಗೆಗೆ ಬಿಗಿಯಾಗಿ ಸುತ್ತಿ ಅದನ್ನೂ ಒಳಗಿಳಿಸಿದೆ. ಅವಳ ಮಾತು ನೆನಪಿರಲಿಲ್ಲ ಅಂತಲ್ಲ... ನೆನಪಿತ್ತು. ಕಂಬಳಿ ಕೇಡು ಮಾಡುತ್ತದೆ ಅಂತ ಹೊಳೆಯಲೇ ಇಲ್ಲ.

ಬಂದೂಕಿನವರು ನಮ್ಮ ಓಣಿಗೆ ಬರಲೇ ಇಲ್ಲ. ಹಗೇವು ತೆಗೆದಾಗ ಉಣ್ಣೆ ಬಣ್ಣಕ್ಕೆ ಕಚ್ಚಿಕೊಂಡಿತ್ತು. ಮೆಲ್ಲಗೆ ಎಳೆದೆ. ಬೆನ್ನು ಉಳಿಯಿತು, ಚಪ್ಪಡಿ ಉಳಿಯಿತು. ಕಡೆಯದಾಗಿ ಹಚ್ಚಿದ ಮುಖ ಕಂಬಳಿಯ ಜೊತೆ ಎದ್ದು ಬಂತು. ಇವತ್ತಿಗೂ ನನ್ನ ಕೈ ಮೇಲೆ ನನಗೆ ಸಿಟ್ಟಿದೆ.

ಆಪಾ ಬಂದಳು. ನಾನು ಅವಳ ಕಾಲು ಹಿಡಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹಲಗೆಯ ಮುಂದೆ ಕೂತು, ಮುಖವಿದ್ದ ಕಡೆ ಬೆರಳಾಡಿಸಿದಳು. ಇನ್ನೊಂದು ಸಲ ಬರಿಯಬಹುದಲ್ಲ ಅಂತ ನಮ್ಮತ್ತೆ ಕೇಳಿದರು.

"ಚಿತ್ರದಾಗ ಅದಾಳಲ್ಲ ಅಂತ ನೆನಸೋದು ಬಿಟ್ಟಿದ್ದೆ ಅತ್ಯಾ. ಈಗ ನೆನಸಿದ್ರ ಬರವಲ್ಲಳು."

ಆಮೇಲೆ ನನ್ನ ಕಡೆ ತಿರುಗಿದಳು. "ಆ ಕಂಬಳಿ ಕೊಡ್ತೀಯೇನು ತಂಗಿ? ಅಮ್ಮನ ಮುಖ ಅದ್ರಾಗ ಅದ."

ಕೊಟ್ಟೆ. ಮಡಚಿ ಎದೆಗವಚಿಕೊಂಡು ಹೋದಳು, ಹಲಗೆ ಇಲ್ಲೇ ಬಿಟ್ಟು. ಆ ಗದ್ದಲದ ದಿನಗಳಲ್ಲಿ ಎಲ್ಲಿಗೆ ಹೋದಳೋ... ಮತ್ತೆ ಸುದ್ದಿಯೇ ಬರಲಿಲ್ಲ.

ಹಲಗೆ ಈಗಲೂ ಪಡಸಾಲೆಯ ಗೋಡೆಗಿದೆ. ಮೊನ್ನೆ ಅದರ ಮುಂದೆ ನಿಂತಿದ್ದಾಗ ಮೊಮ್ಮಗಳು ಬಂದು, ಈಕೆಯ ಮುಖ ಹೇಗಿತ್ತು ಅಂತ ಕೇಳಿದಳು. ಆ ಮುಖ ಕಂಡವರಲ್ಲಿ ಉಳಿದವಳು ಬಹುಶಃ ನಾನೊಬ್ಬಳೇ. ಒಂದು ಬೇಸಿಗೆಯೆಲ್ಲ ದಿನಾ ನೋಡಿದ್ದೆ. ಕಣ್ಣು ಮುಚ್ಚಿ ನೆನೆದೆ. ನನಗೆ ಕಾಣಿಸಿದ್ದು ಕಂಬಳಿ.