ಹಾಸಿಗೆಗಾಗಿ ಮೈಸೂರಿನವರಾದೆವು

ಅರಿಶಿನಕುಂಟೆಗೆ ಬಂದ ದಿನ ನಾನು ಕೇಳಿದ್ದು ಬಾಡಿಗೆಗೆ ಒಂದು ಖೋಲಿ. ಮನೆಯ ಯಜಮಾನಿ ಮುನಿಯಮ್ಮ ತೋರಿಸಿದ್ದು ಹಿತ್ತಲಲ್ಲಿ ಕೆದಕುತ್ತಿದ್ದ ಕೋಳಿಗಳನ್ನು. ನಮ್ಮ ಗದಗಿನ ಕಡೆ ಖೋಲಿ ಎಂದರೆ ಕೋಣೆ. ಇಲ್ಲಿ ಆ ಮಾತೇ ಇಲ್ಲ. ಆಡುವುದು ಕನ್ನಡವೇ ಆದರೂ ಪರದೇಶಕ್ಕೆ ಬಂದಂತಾಯಿತು. ತಂಗಿ ನೀಲವ್ವ ಬೇಲಿಗೆ ಒರಗಿ, ನಗಲು ಹೋಗಿ ಕೆಮ್ಮಿದಳು.

ಆ ಕೆಮ್ಮೇ ನಮ್ಮನ್ನು ಇಲ್ಲಿಗೆ ತಂದಿತ್ತು. ಅವಳಿಗೆ ಕ್ಷಯ. ಗಂಡನ ಮನೆಯವರು ತವರಿಗೆ ತಂದು ಬಿಟ್ಟಿದ್ದರು. ನಾನು ಗಂಡ ಸತ್ತವಳು, ಜೊತೆಗೆ ಹೊರಟೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ರೋಗ ಇನ್ನೂ ಮೊದಲ ಹಂತದಲ್ಲಿದೆ, ವಾಸಿಯಾಗಬಹುದು ಎಂದರು. ಆದರೆ ಧರ್ಮದ ಹಾಸಿಗೆ ಮೈಸೂರು ಸಂಸ್ಥಾನದವರಿಗೆ ಮಾತ್ರ; ನಾವು ಮುಂಬಯಿ ಪ್ರಾಂತ್ಯದವರು. ಒಂದು ವರ್ಷ ಇಲ್ಲೇ ನೆಲೆಸಿ, ಪಟೇಲರಿಂದ ಬರೆಸಿಕೊಂಡು ಬನ್ನಿ ಎಂದು ಕಳಿಸಿದರು. ಪೇಟೆಯಲ್ಲಿ ಕೆಮ್ಮು ಕೇಳಿದವರು ಮನೆ ಕೊಡಲಿಲ್ಲ. ನೆಲಮಂಗಲದ ದಾರಿ ಹಿಡಿದು ಈ ಹಳ್ಳಿಗೆ ಬಂದೆವು.

ಮುನಿಯಮ್ಮನಿಗೆ ರೋಗದ ಹೆಸರು ಮುಚ್ಚಿಡಲಿಲ್ಲ. ನೆರೆಯವರು ಬಂದು ಇವರನ್ನು ಇಟ್ಟುಕೊಳ್ಳಬೇಡ ಎಂದರು. ಮುನಿಯಮ್ಮ ನಮಗಾಗಿ ಹುಲ್ಲಿನ ಕೊಟ್ಟಿಗೆ ತೆರವು ಮಾಡಿಸುತ್ತ, "ಇಲ್ಲೂ ಬ್ಯಾಡ ಅಂದ್ರೆ ಆ ಹೆಣ್ಣು ಎಲ್ಲಿಗೋಗ್ಬೇಕು? ಇರ್ಲಿ ಬಿಡ್ರಪ್ಪಾ" ಎಂದಷ್ಟೇ ಅಂದರು.

ನಾನು ಅವರ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ನಮ್ಮಲ್ಲಿ ಕರಿನೆಲ, ಜೋಳದ ರೊಟ್ಟಿ. ಇಲ್ಲಿ ಕೆಂಪು ಮಣ್ಣು, ರಾಗಿ ಮುದ್ದೆ. ಮುದ್ದೆಯನ್ನು ಅಗಿಯದೆ ನುಂಗುವುದು ನನಗೆ ಬಂತು, ನೀಲವ್ವನಿಗೆ ಬರಲಿಲ್ಲ. ಯುದ್ಧದ ಕಾಲ, ಜೋಳ ಸಿಗುತ್ತಿರಲಿಲ್ಲ. ಗಂಜಿಯಲ್ಲೇ ದಿನ ದೂಡಿದಳು. ಹಗಲೆಲ್ಲ ಹೊಂಗೆ ಮರದ ಕೆಳಗೆ ಗಾಳಿಯಾಡುವಂತೆ ಮಲಗಿಸುತ್ತಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಕಫದಲ್ಲಿ ರಕ್ತ ಕಾಣಿಸಿತು.

ವರ್ಷ ತುಂಬಿದ ಮೇಲೆ ಪಟೇಲರು ನಮ್ಮನ್ನು ಊರಿನವರೆಂದು ಬರೆದುಕೊಟ್ಟರು. ತಂಗಿಯನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಹೋದೆ. ಅದೇ ಡಾಕ್ಟರು ಎದೆ ಪರೀಕ್ಷಿಸಿದರು.

"ಹಾಸಿಗೆ ವಾಸಿಯಾಗೋರಿಗೆ ಮಾತ್ರ ಅಮ್ಮಾ. ಇವರದು ಮುಂದಕ್ಕೆ ಹೋಗ್ಬಿಟ್ಟಿದೆ" ಎಂದರು.

ಇರುವ ಹಾಸಿಗೆಗಳು ಕೆಲವೇ, ಕಾದಿರುವವರು ಬಹಳ ಎಂದೂ ವಿವರಿಸಿದರು. ಅದು ಸುಳ್ಳಲ್ಲ. ಸಿಟ್ಟು ಮಾಡುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮರಳುವಾಗ ಗಾಡಿಯಲ್ಲಿ ನೀಲವ್ವ ಕೇಳಿದಳು, "ಅಕ್ಕಾ, ಇನ್ನ ಮನಿಗೆ ಹೋಗೂಣೇನು?"

ರೈಲಿನ ಪ್ರಯಾಣ ತಡೆಯುವ ಮೈ ಅವಳದಾಗಿರಲಿಲ್ಲ. ಸ್ವಲ್ಪ ಸುಧಾರಿಸಲಿ, ಹೋಗೋಣ ಎಂದೆ. ಸಂಕ್ರಾಂತಿಗೆ ಮೊದಲೇ ತೀರಿಕೊಂಡಳು. ಮುನಿಯಮ್ಮನ ಹೊಲದ ಬದುವಿನ ಪಕ್ಕ ಮಣ್ಣು ಮಾಡಿದೆವು.

ಬೇಸಿಗೆಯಲ್ಲಿ ಊರಿಗೆ ಹೋದೆ. ಮತ್ತೆ ಇಲ್ಲಿಗೆ ಹೊರಟು ನಿಂತಾಗ ಅವ್ವ ಕೈಹಿಡಿದು, "ಅಲ್ಲಿ ನಿಂದೇನೈತಿ?" ಎಂದಳು.

"ನೀಲವ್ವ ಅದಾಳ" ಎಂದೆ.

ಅವ್ವ ಮತ್ತೆ ತಡೆಯಲಿಲ್ಲ. ಅಲ್ಲಿ ನನ್ನನ್ನು ಈಗ ಮೈಸೂರವಳು ಎನ್ನುತ್ತಾರೆ. ಇಲ್ಲಿ ಆ ಕಡೆಯವಳು ಎನ್ನುತ್ತಾರೆ. ಎರಡಕ್ಕೂ ಓಗೊಡುತ್ತೇನೆ.